ತಿಪ್ಪೆಯೇ ಗುಡ್ಡವಾದ ಕಾಲ

ಹೆಣ್ಣು ಕೊಡುವ ಮೊದಲು ಗಂಡಿನ ಮನೆತನ ನೋಡಲು ಹೋದ ಹಿರಿಯರು ಒಂದು ಕಾಲಕ್ಕೆ ಹೊಸ್ತಿಲು ದಾಟುವ ಮುಂಚೆಯೇ ಹಿತ್ತಿಲ ತಿಪ್ಪೆಯ ಮೇಲೆ ಕಣ್ಣಾಡಿಸಿ ಬರುತ್ತಿದ್ದರು. ಜೋಳ ಹಗೇವಿನೊಳಗೆ ಇರುತ್ತದೆ, ಬಂಗಾರ ಪೆಟ್ಟಿಗೆಯೊಳಗೆ ಇರುತ್ತದೆ. ಎರಡರ ಬಗ್ಗೆಯೂ ಸುಳ್ಳು ಹೇಳಬಹುದು. ತಿಪ್ಪೆಯ ಬಗ್ಗೆ ಹೇಳಲಾಗದು. ತಿಪ್ಪೆ ಎತ್ತರವಿದ್ದರೆ ಕೊಟ್ಟಿಗೆ ತುಂಬಿದೆ, ಕೊಟ್ಟಿಗೆ ತುಂಬಿದ್ದರೆ ಹೊಲಕ್ಕೆ ಗೊಬ್ಬರವಿದೆ, ಹುಡುಗಿ ಉಪವಾಸ ಬೀಳುವುದಿಲ್ಲ ಎಂಬ ಲೆಕ್ಕ.

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೊರಟರೆ ಕುಡತಿನಿಯ ಬಳಿ ಅಂಥದೊಂದು ತಿಪ್ಪೆ ಸಿಗುತ್ತದೆ. ಅದರ ವಯಸ್ಸು ನಾಲ್ಕು ಸಾವಿರ ವರ್ಷದ ಆಸುಪಾಸು. ಹಳೆಯ ದಾಖಲೆಗಳಲ್ಲಿ ಅದರ ಹೆಸರು ಬೂದಿಕನುಮ. ತೆಲುಗಿನ ಕನುಮ ಎಂದರೆ ನಮ್ಮ ಕಣಿವೆ. ದೂರದಿಂದ ನೋಡಿದವರಿಗೆ ಅದು ಸಣ್ಣ ದಿಬ್ಬ, ಅಷ್ಟೆ. ಹತ್ತಿರ ಹೋಗಿ ಒಂದು ಹೆಂಟೆ ಎತ್ತಿಕೊಂಡರೆ ಅದು ಮಣ್ಣಿನಷ್ಟು ಭಾರ ಇರುವುದಿಲ್ಲ. ಬೂದು ಬಣ್ಣ, ಮೈತುಂಬ ತೂತು, ಅಲ್ಲಲ್ಲಿ ಕಮ್ಮಾರನ ಕುಲುಮೆಯಿಂದ ಬಿದ್ದ ಕಿಟ್ಟದಂಥ ಗಾಜಿನ ಹೊಳಪು.

ಇಂಥ ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಸೀಮೆಯಲ್ಲೂ ಅದಕ್ಕೆ ತಾಗಿಕೊಂಡಿರುವ ತೆಲಂಗಾಣ, ಆಂಧ್ರದ ಒಣಭೂಮಿಯಲ್ಲೂ ನೂರಕ್ಕಿಂತ ಹೆಚ್ಚು ಪತ್ತೆಯಾಗಿವೆ. ಜಗತ್ತಿನ ಬೇರೆಡೆ ಹೊಸ ಶಿಲಾಯುಗದ ಜನ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದರು, ಇಟ್ಟಿಗೆಯ ಗೋಡೆ ಕಟ್ಟಿದರು. ನಮ್ಮಲ್ಲಿ ಅವರು ಸಗಣಿ ಒಟ್ಟಿ, ಅದಕ್ಕೆ ಬೆಂಕಿ ಇಟ್ಟು, ಅದರ ಮೇಲೆ ಮತ್ತೆ ಒಟ್ಟಿದರು. ಕನ್ನಡ ನಾಡಿನ ಮನುಷ್ಯರು ಕೈಯಾರೆ ಎತ್ತರಿಸಿ ನಿಲ್ಲಿಸಿದ ಮೊದಲ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ, ನಾಚಿಕೆಯಿಲ್ಲದೆ ತಿಪ್ಪೆ ಎನ್ನುತ್ತೇನೆ.

ಊರಿನವರಿಗೆ ಈ ಬೂದಿಯ ಮೂಲ ಎಂದೂ ಒಗಟಾಗಿರಲಿಲ್ಲ. ಹಂಪಿಯ ಪಕ್ಕದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗ. ಕಿಷ್ಕಿಂಧೆಯ ಸೀಮೆಯಲ್ಲಿ ಅಷ್ಟು ದೊಡ್ಡ ಚಿತೆ ಇನ್ಯಾರದಿರಲು ಸಾಧ್ಯ? ಬಳ್ಳಾರಿ ಬಳಿಯ ಕಪ್ಪಗಲ್ಲಿನ ದಿಬ್ಬ ಭೀಮನ ಕೈಯಲ್ಲಿ ಸತ್ತ ಹಿಡಿಂಬನದು. ಒಗಟಾದದ್ದು ಸಾಹೇಬರಿಗೆ. ಮದ್ರಾಸ್ ಸೇನೆಯ ಕ್ಯಾಪ್ಟನ್ ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳ ಬಗ್ಗೆ ಬರೆದ. ಆಮೇಲೆ ಶುರುವಾಯಿತು ಊಹೆಗಳ ಮೆರವಣಿಗೆ. ಜ್ವಾಲಾಮುಖಿ ಉಗುಳಿದ್ದು ಎಂದರು ಕೆಲವರು. ಕಬ್ಬಿಣ ಕರಗಿಸಿದ ಕುಲುಮೆ ಎಂದರು ಇನ್ನು ಕೆಲವರು. ವಿಜಯನಗರದ ಕಾಲದಲ್ಲಿ ನಡೆದ ಸಾಮೂಹಿಕ ದಹನದ ಗುರುತು ಎಂದವರೂ ಇದ್ದರು. ಇದಕ್ಕೆ ಹೋಲಿಸಿದರೆ ಹಿಡಿಂಬನ ಕಥೆಯೇ ಸತ್ಯಕ್ಕೆ ಹತ್ತಿರ. ಏಕೆಂದರೆ ಬಹಳ ಹಿಂದೆ, ಬಹಳ ದೊಡ್ಡ ಬೆಂಕಿ ಎಂಬೆರಡು ವಿಷಯದಲ್ಲಿ ಹಳ್ಳಿಯವರು ತಪ್ಪಿರಲಿಲ್ಲ.

ಸಗಣಿ ಎಂದು ಮೊದಲು ಗುರುತಿಸಿದ ಸಾಹೇಬ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಕೈಗೊಡಲಿಯೊಂದನ್ನು ಎತ್ತಿಕೊಂಡು, ಭಾರತಕ್ಕೂ ಒಂದು ಶಿಲಾಯುಗ ಇತ್ತೆಂದು ತೋರಿಸಿದ ಭೂವಿಜ್ಞಾನಿ ಇವನೇ. ಬಳ್ಳಾರಿಯ ಕಲ್ಲುಬಂಡೆಗಳನ್ನು ನಕ್ಷೆಗೆ ಇಳಿಸುತ್ತ ಅಲೆದಾಡುತ್ತಿದ್ದಾಗ ದಿಬ್ಬಗಳ ಬುಡದಲ್ಲಿ ಅವನಿಗೆ ನಯಗೊಳಿಸಿದ ಕಲ್ಲುಗೊಡಲಿ, ಮಡಕೆ ಚೂರು, ದನದ ಮೂಳೆ ಸಿಕ್ಕವು. ಆಫ್ರಿಕಾದ ದನಗಾಹಿಗಳು ಮುಳ್ಳಿನ ಬೇಲಿ ಹಾಕಿ ಕಟ್ಟುವ ದೊಡ್ಡಿಗಳ ವರ್ಣನೆಯನ್ನು ಓದಿಕೊಂಡಿದ್ದವನಿಗೆ ತಾಳೆ ಹೊಂದಿತು. ಇವು ಹೊಸ ಶಿಲಾಯುಗದ ದನದ ದೊಡ್ಡಿಗಳು, ಈ ಬೂದಿ ಸುಟ್ಟ ಸಗಣಿ ಎಂದ. ಹೆಚ್ಚಿನವರು ನಂಬಲಿಲ್ಲ.

ನಂಬಲು ಇನ್ನೂ ಕೆಲವು ದಶಕ ಹಿಡಿಯಿತು. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉತ್ನೂರಿನ ದಿಬ್ಬವನ್ನು ಪದರಪದರವಾಗಿ ಬಿಡಿಸಿದರು. ಮರದ ಕಾಂಡಗಳನ್ನು ಸಾಲಾಗಿ ನೆಟ್ಟ ಕುಳಿಗಳು ಕಾಣಿಸಿದವು. ಒಳಗೊಂದು ಬೇಲಿ ದನಕ್ಕೆ, ಅದರ ಸುತ್ತ ಇನ್ನೊಂದು. ಮೂಳೆ, ಮಡಕೆ ಎಲ್ಲ ಕಡೆ ಸಿಗುತ್ತವೆ. ಉತ್ನೂರಿನಲ್ಲಿ ಸಿಕ್ಕ ಇನ್ನೊಂದು ಸಾಕ್ಷಿಯನ್ನು ಓದುವಾಗಲೆಲ್ಲ ನಾನು ಒಂದು ಗಳಿಗೆ ಪುಸ್ತಕ ಮಡಚಿಡುತ್ತೇನೆ. ಬೇಲಿಯ ಒಳಗಿನ ನೆಲದಲ್ಲಿ ಗೊರಸಿನ ಗುರುತು ಉಳಿದಿತ್ತು. ಹಸಿ ಬೂದಿಯನ್ನು ತುಳಿದುಕೊಂಡು ದನ ಓಡಾಡಿದೆ, ಹೆಜ್ಜೆ ಒಣಗಿದೆ, ಅದರ ಮೇಲೆ ಮುಂದಿನ ಪದರ ಬಿದ್ದು ಮುಚ್ಚಿಕೊಂಡಿದೆ. ಸಾಕಿದವರ ಹೆಸರು, ಭಾಷೆ, ದೇವರು ಯಾವುದೂ ನಮಗೆ ದಕ್ಕಲಿಲ್ಲ, ಅವರ ಹಸುವಿನ ಹೆಜ್ಜೆ ದಕ್ಕಿತು.

1960ರಲ್ಲಿ ಎಫ್. ಇ. ಜೋಯ್ನರ್ ಈ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಉಳಿದ ಅನುಮಾನವನ್ನೂ ಕಳೆದರು. ಹುಲ್ಲಿನ ಮೈಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುತ್ತದೆ. ದನದ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ, ಸಗಣಿಯಲ್ಲಿ ಹಾಗೆಯೇ ಹೊರಬರುತ್ತದೆ. ರಾಶಿಗೆ ಜೋರಾಗಿ ಬೆಂಕಿ ಬಿದ್ದಾಗ ಸಿಲಿಕಾ ಕ್ಷಾರದೊಂದಿಗೆ ಸೇರಿ ಗಾಜಿನಂತೆ ಕರಗಿ, ಗುಳ್ಳೆ ಎದ್ದು, ಆರಿದ ಮೇಲೆ ಕಿಟ್ಟವಾಗುತ್ತದೆ. ಒಲೆಗೆ ಒಂದೆರಡು ಕುಳ್ಳು ಹಾಕಿದರೆ ಹೀಗಾಗುವುದಿಲ್ಲ. ಅದಕ್ಕೆ ಗುಡ್ಡದಂಥ ರಾಶಿ ಬೇಕು, ಮನಸ್ಸಿಟ್ಟು ಹಚ್ಚಿದ ಬೆಂಕಿ ಬೇಕು. ಒಂದು ಸಲ ಅಲ್ಲ, ತಲೆಮಾರುಗಟ್ಟಲೆ.

ಹಾಗಾದರೆ ಸುಟ್ಟದ್ದು ಏಕೆ?

ಇಂದಿನ ಯಾವ ರೈತನಿಗೆ ಹೇಳಿದರೂ ತಲೆ ಚಚ್ಚಿಕೊಂಡಾನು. ಉತ್ತರ ಕರ್ನಾಟಕದಲ್ಲಿ ಸುಗ್ಗಿ ಮುಗಿದ ಮೇಲೆ ಕುರಿ ತರುಬುವ ಪದ್ಧತಿ ಈಗಲೂ ಇದೆ. ಅಲೆದು ಬಂದ ಕುರುಬರ ಹಿಂಡನ್ನು ಹೊಲದಲ್ಲಿ ರಾತ್ರಿ ತಂಗಿಸಿಕೊಳ್ಳಲು ರೈತ ದುಡ್ಡೋ ಕಾಳೋ ಕೊಡುತ್ತಾನೆ, ನಾಲ್ಕು ರಾತ್ರಿಯ ಹಿಕ್ಕೆಗೆ ಅಷ್ಟು ಬೆಲೆ. ಅಂಥದ್ದರಲ್ಲಿ ಬೆಟ್ಟದಷ್ಟು ಗೊಬ್ಬರವನ್ನು ಬೆಂಕಿಗೆ ಹಾಕುವುದೆಂದರೆ! ಉಣ್ಣೆ, ನೊಣ, ರೋಗದ ಕಾಟ ತಪ್ಪಿಸಿಕೊಳ್ಳಲು ಸುಟ್ಟಿರಬಹುದು ಎಂಬ ವಾದವಿದೆ. ಆಲ್ಚಿನ್ ಇದನ್ನು ಹಬ್ಬದ ಬೆಂಕಿ ಎಂದು ಓದಿದರು. ಮೈಸೂರು ಕಡೆ ಸಂಕ್ರಾಂತಿಯ ಸಂಜೆ ದನಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ಮಾತು ದೂರದ್ದೆನಿಸದು. ನಮ್ಮ ಕಡೆ ದೀಪಾವಳಿಯ ಪಾಡ್ಯದಂದು ಸಗಣಿಯಲ್ಲೇ ಪಾಂಡವರನ್ನು ಮಾಡಿ, ಹೂವು ಸಿಕ್ಕಿಸಿ ಹೊಸ್ತಿಲಿಗಿಡುತ್ತಾರೆ. ಆದರೂ ನಾಲ್ಕು ಸಾವಿರ ವರ್ಷ ಒಂದೇ ಹಬ್ಬ ಒಂದೇ ಅರ್ಥದಲ್ಲಿ ಹರಿದು ಬಂದಿದೆ ಎನ್ನಲು ನನಗೆ ಧೈರ್ಯವಿಲ್ಲ. ಈಚಿನ ಸಂಶೋಧಕರಲ್ಲಿ ಪೀಟರ್ ಜೊಹಾನ್ಸನ್ ಅಂಥವರು ಇವನ್ನು ಸ್ಮಾರಕಗಳೆಂದೇ ಕರೆಯುತ್ತಾರೆ. ಬಯಲಿನಲ್ಲಿ ಎಲ್ಲರಿಗೂ ಕಾಣಬೇಕೆಂದೇ, ಜನ ಕೂಡಿ, ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಎತ್ತರಿಸಿದವು ಎಂಬುದು ಅವರ ಮಾತು. ಗಂಡಿನ ಮನೆಯ ತಿಪ್ಪೆ ನೋಡುತ್ತಿದ್ದ ಹಿರಿಯರಿಗೆ ಈ ವಾದ ಥಟ್ಟನೆ ಅರ್ಥವಾಗುತ್ತಿತ್ತು. ನನ್ನ ಓಟೂ ಅದಕ್ಕೇ. ಇಷ್ಟು ದನ ನಮ್ಮಲ್ಲಿದೆ, ಇಷ್ಟು ಕಾಲದಿಂದ ಇದೆ ಎಂದು ಹರದಾರಿ ದೂರಕ್ಕೂ ಕಾಣುವಂತೆ ಹೇಳಲು ಇದಕ್ಕಿಂತ ಒಳ್ಳೆಯ ಉಪಾಯ ಯಾವುದಿತ್ತು?

ದಿಬ್ಬ ಒಂಟಿಯಾಗಿರಲಿಲ್ಲ ಎಂಬುದನ್ನು ತೋರಿಸಿದವರು ಕೆ. ಪದ್ದಯ್ಯ. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಅವರು ನಡೆಸಿದ ಉತ್ಖನನದಲ್ಲಿ ದಿಬ್ಬದ ಮಗ್ಗುಲಲ್ಲೇ ಊರು ಸಿಕ್ಕಿತು. ವಾಸದ ನೆಲೆಗಳು, ಕಲ್ಲಿನ ಅಲಗು ಮಾಡುವ ಕಾರ್ಖಾನೆ, ಗಡಿಗೆಯಲ್ಲಿಟ್ಟು ಹೂತ ಎಳೆ ಮಕ್ಕಳು, ದನ ಕೊಯ್ದು ಪಾಲು ಹಾಕುತ್ತಿದ್ದ ಒಂದು ಜಾಗ. ಹೌದು, ಅವರು ದನ ತಿನ್ನುತ್ತಿದ್ದರು. ಮೂಳೆಗಳ ಮೇಲೆ ಕಲ್ಲಿನ ಅಲಗಿನ ಗೀರು ಇದೆ. ಇಂದಿನ ನಮ್ಮ ಗದ್ದಲಗಳನ್ನು ಅವರ ತಲೆಗೆ ಕಟ್ಟುವುದು ಬೇಡ. ಪ್ರೀತಿಯಿಂದ ಸಾಕಿದ್ದನ್ನೇ ಹಬ್ಬಕ್ಕೆ ಕೊಯ್ಯುವ ಮನೆಗಳು ಕುರಿಯ ವಿಷಯದಲ್ಲಿ ಇಂದೂ ಪ್ರತಿ ಊರಲ್ಲಿ ಇವೆ.

ಶಾಲೆಯ ಪುಸ್ತಕದಲ್ಲಿ ನಾವು ಓದಿದ ಬೇಸಾಯದ ಕಥೆ ಬೇರೆ. ಪಶ್ಚಿಮ ಏಷ್ಯಾದಲ್ಲಿ ಸುಮಾರು ಹತ್ತು ಹನ್ನೊಂದು ಸಾವಿರ ವರ್ಷದ ಹಿಂದೆ ಮನುಷ್ಯ ಗೋಧಿ, ಬಾರ್ಲಿ ಬಿತ್ತಿದ, ಒಂದೆಡೆ ನೆಲೆನಿಂತ, ಊರು ಕಟ್ಟಿದ, ಆ ಜ್ಞಾನ ಸುತ್ತ ಹರಡಿತು. ಗ್ರಾನೈಟ್ ಬಂಡೆಗಳ ಬಳ್ಳಾರಿಯಲ್ಲಿ ಕಥೆ ಬಾಲದಿಂದ ಶುರುವಾಗುತ್ತದೆ. ಇಲ್ಲಿ ಮೊದಲು ಬಂದದ್ದು ದನ. ಕ್ರಿ.ಪೂ. 3000ದ ಹೊತ್ತಿಗೆ ದೊಡ್ಡಿಗಳು ಕಾಣಿಸಿಕೊಳ್ಳುತ್ತವೆ, ಬೆಳೆಯ ಗುರುತು ಗಟ್ಟಿಯಾಗುವುದು ನಂತರ. ದನದ ಹಿಂದೆ ನಡೆಯುತ್ತಲೇ ನಮ್ಮವರು ರೈತರಾದರು.

ಆ ದನ ಬಂದದ್ದು ಎಲ್ಲಿಂದ? ಡುಬ್ಬದ ದನವನ್ನು ಮನುಷ್ಯ ಪಳಗಿಸಿದ್ದಕ್ಕೆ ಹಳೆಯ ಸಾಕ್ಷಿ ಇರುವುದು ಬಲೂಚಿಸ್ತಾನದ ಮೆಹರ್‌ಗಢದಲ್ಲಿ. ಕುರಿ, ಮೇಕೆಯ ಮಾತು ಇನ್ನೂ ಸ್ಪಷ್ಟ. ಅವುಗಳ ಕಾಡು ಪೂರ್ವಜರು ದಖ್ಖನ್ನಿನಲ್ಲಿ ಎಂದೂ ಇರಲಿಲ್ಲ, ಹಾಗಾಗಿ ವಾಯವ್ಯದಿಂದ ಯಾರೋ ಹೊಡೆದುಕೊಂಡೇ ಬಂದಿರಬೇಕು. ಹಿಂಡಿನ ಜೊತೆ ಜನವೂ ಇಳಿದು ಬಂದರೇ, ಇಲ್ಲವೇ ಇಲ್ಲೇ ಇದ್ದ ಬೇಟೆಗಾರರು ನೆರೆಹೊರೆಯಿಂದ ಕರು ಪಡೆದು ದನಗಾಹಿಗಳಾದರೇ ಎಂಬ ಜಗಳ ಪಂಡಿತರಲ್ಲಿ ಇನ್ನೂ ನಡೆದಿದೆ. ಎರಡೂ ಆಗಿರಬೇಕು ಎಂದು ನನಗನಿಸುತ್ತದೆ. ವಲಸೆ ಎಂದರೆ ಕತ್ತಿ ಹಿರಿದು ಕುದುರೆ ಏರಿ ಬರುವ ದಂಡು ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಮೇವು ಹುಡುಕಿಕೊಂಡು ಒಂದು ತಲೆಮಾರಿಗೆ ಒಂದು ಹೊಳೆ ದಾಟಿದರೂ ಸಾವಿರ ವರ್ಷದಲ್ಲಿ ಸಿಂಧೂವಿನಿಂದ ತುಂಗಭದ್ರೆಗೆ ಬರಬಹುದು.

ಬಂದವರಿಗೆ ಈ ನೆಲ ಬರಿದಾಗಿಯೂ ಇರಲಿಲ್ಲ. ಬೂದಿಹಾಳದ ಸೀಮೆಯಲ್ಲೇ, ಹುಣಸಗಿ ಬಳಿಯ ಇಸಾಂಪುರದಲ್ಲಿ, ಸುಮಾರು 12 ಲಕ್ಷ ವರ್ಷದ ಹಿಂದೆ ಯಾರೋ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಕೆತ್ತಿದ್ದರು. ಯಾರೋ ಎನ್ನುವುದೇ ಸರಿ. ಅವರು ನಾವಲ್ಲ, ನಮ್ಮ ಪ್ರಭೇದ ಆಗ ಹುಟ್ಟಿಯೇ ಇರಲಿಲ್ಲ. ಹೋಮೋ ಸೇಪಿಯನ್ಸ್‌ನ ಹಳೆಯ ಮೂಳೆಗಳು ಆಫ್ರಿಕಾದಲ್ಲಿ, ಸುಮಾರು 3 ಲಕ್ಷ ವರ್ಷದವು, ಮೊರಾಕ್ಕೊದಲ್ಲಿ ಸಿಕ್ಕಿವೆ. ಅಲ್ಲಿಂದ ಹೊರಟವರು ದಕ್ಷಿಣ ಭಾರತ ಮುಟ್ಟಿದ್ದು ಯಾವಾಗ ಎಂಬ ಪ್ರಶ್ನೆಗೂ, ನೋಡಿ, ಒಂದು ಬೂದಿಯೇ ಅಡ್ಡ ನಿಂತಿದೆ. 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ದಪ್ಪನೆಯ ಪದರವಾಗಿ ಕೂತಿತು. ಮೈಕಲ್ ಪೆಟ್ರಾಗ್ಲಿಯಾ, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣ ಕಂಡರು, 2007ರಲ್ಲಿ ಪ್ರಕಟಿಸಿದರು. ಕೆಳಗಿನವನ್ನು ಮಾಡಿದವರು ನಮ್ಮವರೋ, ನಮಗಿಂತ ಹಿಂದಿನವರೋ ಎಂಬುದು ತೀರ್ಮಾನವಾಗಿಲ್ಲ. ಅಷ್ಟು ಹಳೆಯದನ್ನು ಇಲ್ಲಿಗೇ ಬಿಟ್ಟು ಊಟದ ತಟ್ಟೆಗೆ ಬರೋಣ. ನನಗೆ ಹೆಚ್ಚು ಕುತೂಹಲ ಅದರಲ್ಲೇ.

ಬೂದಿದಿಬ್ಬದ ಜನ ಏನು ಉಣ್ಣುತ್ತಿದ್ದರು? ತಿಳಿಯುವ ವಿಧಾನ ಅಕ್ಕಿ ತೊಳೆದಷ್ಟೇ ಸರಳ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಮಣ್ಣು ತಳ ಸೇರುತ್ತದೆ, ಎಂದೋ ಒಲೆಯಲ್ಲಿ ಬಿದ್ದು ಇದ್ದಿಲಾದ ಕಾಳು ಮೇಲೆ ತೇಲುತ್ತದೆ. ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸಬೇಕು. ಡೋರಿಯನ್ ಫುಲ್ಲರ್ ಎಂಬ ಸಸ್ಯಪುರಾತತ್ವಜ್ಞ ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆ, ತುಂಗಭದ್ರೆಯ ದಂಡೆಯ ಹಳ್ಳೂರು ಮೊದಲಾದೆಡೆಯ ಮಣ್ಣನ್ನು ಹೀಗೆ ಜಾಲಿಸಿದರು. ಮೇಲೆದ್ದದ್ದು ಗೋಧಿಯೂ ಅಲ್ಲ, ಭತ್ತವೂ ಅಲ್ಲ. ಕೊರಲೆ, ಬಟ್ಟೆಗೆ ತೆನೆ ಅಂಟಿಕೊಳ್ಳುವ ನವಣೆ ಜಾತಿಯ ಒಂದು ಹುಲ್ಲಿನ ಕಾಳು, ಹುರುಳಿ, ಹೆಸರು. ಈ ನಾಲ್ಕೂ ಇಲ್ಲಿಯ ಮಳೆಗೆ, ಇಲ್ಲಿಯ ಕುರುಚಲು ನೆಲಕ್ಕೆ ಒಗ್ಗಿದವು. ಅಂದರೆ ದಖ್ಖನ್ನಿನ ಜನ ತಮ್ಮ ಕಾಲಬುಡದ ಹುಲ್ಲು ಬಳ್ಳಿಗಳನ್ನೇ ಬೆಳೆಯಾಗಿಸಿಕೊಂಡರು. ಗೋಧಿ, ಬಾರ್ಲಿ ಉತ್ತರದಿಂದ ಬಂದವು, ಆದರೆ ಕ್ರಿ.ಪೂ. 2000ದ ನಂತರ, ಅದೂ ಬಡಿಸಿದ ಮೇಲೆ ಬಂದ ನೆಂಟರ ಹಾಗೆ.

ಕೊರಲೆಯ ಹೆಸರು ಕೇಳಿದರೆ ತುಮಕೂರು, ಚಿತ್ರದುರ್ಗದ ಕಡೆಯವರು ಮುಗುಳ್ನಕ್ಕಾರು. ಮಧುಗಿರಿ, ಶಿರಾ ಸುತ್ತಿನ ಹೊಲಗಳಲ್ಲಿ ಅದು ಎಂದೂ ಪೂರ್ತಿ ಅಳಿಯಲಿಲ್ಲ. ಬಡವರ ಕಾಳು ಎಂದು ಮೂಲೆಗೆ ಬಿದ್ದಿದ್ದು ಈಗ ಸಿರಿಧಾನ್ಯದ ಪಟ್ಟ ಏರಿ, ಬೆಂಗಳೂರಿನ ಅಂಗಡಿಯಲ್ಲಿ ಸೋನಾ ಮಸೂರಿಗಿಂತ ದುಬಾರಿಯಾಗಿ ಕೂತಿದೆ.

ಹಾಗಾದರೆ ಜೋಳ? ರಾಗಿ? ಇಲ್ಲಿ ನಮ್ಮ ಅಭಿಮಾನಕ್ಕೆ ತುಸು ಪೆಟ್ಟು ಬೀಳುತ್ತದೆ. ರೊಟ್ಟಿಯ ಜೋಳವನ್ನು ಮೊದಲು ಪಳಗಿಸಿದವರು ಇಂದಿನ ಸುಡಾನಿನ ಜನ. ಸಜ್ಜೆಯ ತವರು ಪಶ್ಚಿಮ ಆಫ್ರಿಕಾ, ಸಹಾರಾದ ಅಂಚು. ಮುದ್ದೆಯ ರಾಗಿ ಇಥಿಯೋಪಿಯ, ಉಗಾಂಡದ ಎತ್ತರದ ಸೀಮೆಯದು. ಬೆಂಗಳೂರಿಗರು ಚಳಿಗಾಲ ಬಂತೆಂದರೆ ಮೇಳ ಕಟ್ಟಿ ಸುಲಿಯುವ ಅವರೆಕಾಯಿಯ ಬೇರೂ ಆಫ್ರಿಕಾದಲ್ಲೇ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಅವರೆ, ಸಜ್ಜೆ ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲೇ ಇಲ್ಲಿಯ ನೆಲೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ರಾಗಿಯ ಕಥೆ ಸ್ವಲ್ಪ ಎಡವಟ್ಟು. ಎಂ. ಎಸ್. ನಾಗರಾಜರಾವ್ 1960ರ ದಶಕದಲ್ಲಿ ಹಳ್ಳೂರನ್ನು ಅಗೆಸಿದಾಗ ಸಿಕ್ಕ ಸುಟ್ಟ ಕಾಳನ್ನು ರಾಗಿ ಎಂದೇ ಗುರುತಿಸಲಾಗಿತ್ತು. ಹೊಟ್ಟು ಕಳೆದುಕೊಂಡು ಸುಟ್ಟ ಬೇರೆ ಕಿರುಧಾನ್ಯವೂ ರಾಗಿಯಂತೆಯೇ ಕಾಣುತ್ತದೆ, ಅಷ್ಟು ಹಿಂದಿನ ರಾಗಿಯನ್ನು ಒಪ್ಪುವುದು ಕಷ್ಟ ಎಂದು ಫುಲ್ಲರ್ ಆಮೇಲೆ ತಕರಾರು ತೆಗೆದರು. ಏನೇ ಇರಲಿ, ಜೋಳ ರಾಗಿ ಇಲ್ಲದ ಬಳ್ಳಾರಿಯನ್ನು, ಮೆಣಸಿನಕಾಯಿ ಇಲ್ಲದ ಗುಂಟೂರಿನಂತೆ, ಕಷ್ಟಪಟ್ಟು ಕಲ್ಪಿಸಿಕೊಳ್ಳಬೇಕು. ರೊಟ್ಟಿ ಬಡಿಯುವ ಸದ್ದಿಲ್ಲ. ಅರೆಯುವ ಕಲ್ಲನ್ನು ಹಿಂದೆ ಮುಂದೆ ಉಜ್ಜುವ ಸದ್ದು, ಬೂದು ಮಡಕೆಯಲ್ಲಿ ಕುದಿಯುವ ಕೊರಲೆ ನುಚ್ಚು, ಅದಕ್ಕೊಂದಿಷ್ಟು ಹುರುಳಿ.

ಹೆಸರು ಎಂಬ ಮಾತನ್ನೇ ನೋಡಿ. ಹಳಗನ್ನಡದಲ್ಲಿ ಪೆಸರ್, ತೆಲುಗಿನಲ್ಲಿ ಪೆಸಲು, ತಮಿಳಿನಲ್ಲಿ ಪಯರು. ಮೂರೂ ಭಾಷೆ ಬೇರೆಯಾಗುವ ಮುಂಚಿನಿಂದ ಕಾಳು ಜೊತೆಗಿದೆ ಎಂದಾಯಿತು. ಇಂಥ ಪದಗಳನ್ನು ಪೋಣಿಸಿ, ದ್ರಾವಿಡ ನುಡಿಗಳನ್ನಾಡುತ್ತಿದ್ದವರೇ ಈ ದನಗಾಹಿ ರೈತರು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಮಡಕೆ ಚೂರು ಮಾತಾಡುವುದಿಲ್ಲವಾದ್ದರಿಂದ ಇದನ್ನು ಕೊನೆಯ ಮಾತೆನ್ನಲಾಗದು. ಆದರೆ ಹುರುಳಿದೆಯೋ ಇಲ್ಲವೋ ಎಂದು ಮಾತಿನ ತೂಕ ನೋಡುವ ಭಾಷೆಯೊಂದರಲ್ಲಿ ಈ ವಾದ ಕೇಳಲು ಹಿತವಾಗಿರುತ್ತದೆ.

ಬಳ್ಳಾರಿ ಊರಿನ ಮಗ್ಗುಲಿಗೇ ಇರುವ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳಲ್ಲಿ ಈ ಜನರ ಮುಂದಿನ ತಲೆಮಾರುಗಳ ಬದುಕು ಹರಡಿಕೊಂಡಿದೆ. ಸನ್ನರಾಚಮ್ಮ ಗುಡ್ಡ, ಹಿರೇಗುಡ್ಡ, ಚೌಡಮ್ಮ ಗುಡ್ಡ. ಹಿರೇಗುಡ್ಡದ ಮೇಲೆ ಕರಿಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತು. ಗುಡ್ಡದ ಮೈಯಲ್ಲಿ ಕಪ್ಪು ಪಟ್ಟಿಯಂತೆ ಹಾದುಹೋಗುವ ಡಾಲರೈಟ್ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ನೀರು ಹಾಕಿ ಉಜ್ಜಿ ನಯಗೊಳಿಸುತ್ತಿದ್ದರು. ಉಜ್ಜಿದ ತಗ್ಗುಗಳು ಈಗಲೂ ಬೆರಳಿಗೆ ಸಿಗುತ್ತವೆ. ಕಪ್ಪಗಲ್ಲಿನಲ್ಲಿ ಅದೇ ಕರಿಕಲ್ಲಿನ ಸಾಲಿನ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳಿವೆ, ಅದರಲ್ಲಿ ಬಹುಪಾಲು ದನ. ಉದ್ದ ಕೊಂಬು, ಎದ್ದ ಡುಬ್ಬ. ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯ ನಾದ ಬರುತ್ತದೆ. ಬಡಿದು ಬಡಿದು ಗುಳಿಬಿದ್ದ ಜಾಗಗಳನ್ನು ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ ಗುರುತಿಸಿ ಬರೆದಾಗ, ಈ ಶತಮಾನದ ಮೊದಲ ವರ್ಷಗಳಲ್ಲಿ, ಹೊರಗಿನ ಜಗತ್ತು ಕಪ್ಪಗಲ್ಲಿನ ಕಡೆ ಕಿವಿಗೊಟ್ಟಿತು. ಅಷ್ಟರಲ್ಲಿ ಗುಡ್ಡದ ಒಂದು ಮಗ್ಗುಲನ್ನು ಜಲ್ಲಿಗಾಗಿ ಒಡೆಯುತ್ತಿದ್ದರು. ಬಳ್ಳಾರಿಯಲ್ಲಿ ಫೂಟ್‌ನ ಹೆಸರಿನಲ್ಲಿ ಒಂದು ಸಂಗ್ರಹಾಲಯವಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಜೋಪಾನವಾಗಿ ಜೋಡಿಸಿಟ್ಟ ಕೊಡಲಿಗಳನ್ನು ತೋರಿಸಿ.

ಕ್ರಿ.ಪೂ. 1200ರ ಸುಮಾರಿಗೆ ಹೊಸ ಶಿಲಾಯುಗ ಮುಗಿಯುವಷ್ಟರಲ್ಲಿ ದಿಬ್ಬ ಕಟ್ಟುವ ರೂಢಿಯೂ ನಿಂತಿತ್ತು. ಕಬ್ಬಿಣ ಬಂತು, ಸತ್ತವರಿಗೆ ಕಲ್ಲುಚಪ್ಪಡಿಯ ಮನೆ ಕಟ್ಟುವ ಪದ್ಧತಿ ಬಂತು. ಸಗಣಿಯನ್ನು ಸುಡುವುದು ಬಿಟ್ಟು ಹೊಲಕ್ಕೆ ಹೊತ್ತದ್ದು ಆಗಲೇ ಇರಬಹುದು. ಹೊಲ ದೊಡ್ಡದಾದಂತೆ ತಿಪ್ಪೆಗೆ ಬೇರೆ ಬೆಲೆ ಬಂದಿರಬೇಕು. ದನದ ಮರ್ಯಾದೆ ಮಾತ್ರ ಇಳಿಯಲಿಲ್ಲ. ಎಷ್ಟೋ ಶತಮಾನಗಳ ನಂತರ ಬಂದ ಕನ್ನಡದ ವೀರಗಲ್ಲುಗಳಲ್ಲೂ ಜನ ಸಾಯುವುದು ತುರುಗೋಳಿನಲ್ಲಿ, ಕದ್ದೊಯ್ದ ದನ ಬಿಡಿಸಿಕೊಳ್ಳಲು ಹೋಗಿ. ಗೊಲ್ಲರಹಟ್ಟಿ, ಕುರುಬರಹಟ್ಟಿ ಎಂದು ಊರ ಹೆಸರಿನ ತುದಿಯಲ್ಲಿ ಹಟ್ಟಿ ಇನ್ನೂ ಕೂತಿದೆ.

ಬೂದಿದಿಬ್ಬಗಳೂ ಕೊನೆಗೆ ಹೊಲಕ್ಕೇ ಹೋಗುತ್ತಿವೆ. ಅಕ್ಕಪಕ್ಕದ ರೈತರು ತಲೆಮಾರುಗಳಿಂದ ಅದನ್ನು ಅಗೆದು ಚಕ್ಕಡಿಗೆ ತುಂಬಿ, ಈಚೆಗೆ ಟ್ರ್ಯಾಕ್ಟರಿಗೆ ತುಂಬಿ, ಎರೆಹೊಲಕ್ಕೆ ಹರಡಿದ್ದಾರೆ. ಪುರಾತತ್ವದವರು ಹೊಟ್ಟೆ ಉರಿದುಕೊಳ್ಳುತ್ತಾರೆ, ನ್ಯಾಯವೇ. ಎಷ್ಟೋ ದಿಬ್ಬಗಳು ನಕ್ಷೆಯಲ್ಲಿ ಮಾತ್ರ ಉಳಿದಿವೆ. ಆದರೂ ಆ ರೈತನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಗೊಬ್ಬರ ಹೊಲ ಸೇರಿತು, ನಾಲ್ಕು ಸಾವಿರ ವರ್ಷ ತಡವಾಗಿ.

ಕುಡತಿನಿಯಲ್ಲಿ ಈಗ ಉಷ್ಣ ವಿದ್ಯುತ್ ಸ್ಥಾವರವಿದೆ. ಹಗಲೂ ರಾತ್ರಿ ಕಲ್ಲಿದ್ದಲು ಉರಿಯುತ್ತದೆ, ಎತ್ತರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಉರಿದು ಉಳಿದದ್ದನ್ನು ಎಲ್ಲಿಗಾದರೂ ಸಾಗಿಸಲೇಬೇಕು. ಬಳ್ಳಾರಿ ರಸ್ತೆಯಲ್ಲಿ ತಾಡಪಾಲು ಬಿಗಿದ ಲಾರಿಯೊಂದು ಬಸ್ಸನ್ನು ಹಿಂದಿಕ್ಕಿ ಹೋದರೆ, ಕಿಟಕಿ ಪಕ್ಕದವರು ಸೆರಗೋ ಟವೆಲ್ಲೋ ಮೂಗಿಗೆ ಅಡ್ಡ ಹಿಡಿಯುತ್ತಾರೆ. ಲಾರಿ ತುಂಬ ಬೂದಿ.